ಬಿಳಿ ಕ್ವಾರ್ಟ್ಜ್ ಆರಿಸುವುದು ಹೇಗೆ: ಸ್ಯಾಂಪಲ್ ನೋಡುವುದರಿಂದ ಕಟ್ಟೆಗೆ ಕೂರಿಸುವ ತನಕ

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಬಿಳಿ ಸ್ಲ್ಯಾಬುಗಳೆಲ್ಲ ನೋಡಲು ಒಂದೇ ಥರ. ಮನೆಗೆ ತಂದು ಕೂರಿಸಿದ ಮೇಲೆ ಒಂದು ಹಳದಿಗೆ ತಿರುಗಿದಂತೆ, ಇನ್ನೊಂದು ನೀಲಿ ಬೆರೆತಂತೆ, ಮತ್ತೊಂದು ಆಸ್ಪತ್ರೆಯ ಗೋಡೆಯಂತೆ ಕಾಣತೊಡಗುತ್ತದೆ. ಗಾಢ ಬಣ್ಣದ ಕಲ್ಲು ಕೆಲಸದವರ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬಿಳಿಗೆ ಆ ಗುಣವಿಲ್ಲ. ಜಾಯಿಂಟಿನ ಅಂಟು, ಪಾತ್ರೆಯ ಗೀರು, ಕಪ್ಪು ಚುಕ್ಕೆ ಎಲ್ಲವನ್ನೂ ಅದು ಎತ್ತಿ ತೋರಿಸುತ್ತದೆ. ಹಾಗಾಗಿ ಬಣ್ಣ ಮೆಚ್ಚುವ ಮೊದಲು ವಸ್ತುವನ್ನು ತಿಳಿದುಕೊಳ್ಳಬೇಕು.

ಕಲ್ಲಿಗಿಂತ ರೆಸಿನ್ ಮುಖ್ಯ

ಹೆಸರು ಕ್ವಾರ್ಟ್ಜ್ ಆದರೂ ಇದು ಗಣಿಯಿಂದ ಹಾಗೇ ಕೊಯ್ದು ತಂದ ಕಲ್ಲಲ್ಲ. ಬೆಣಚುಕಲ್ಲಿನ ಹರಳು ಮತ್ತು ಪುಡಿಗೆ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ಅಂಟು), ಬಣ್ಣ ಕಲಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ನಡುಗಿಸುತ್ತಾ ಒತ್ತಿ, ಬಿಸಿಯಲ್ಲಿ ಗಟ್ಟಿ ಮಾಡಿದ ಹಲಗೆ. ಈ ವಿಧಾನವನ್ನು ಬಳಕೆಗೆ ತಂದದ್ದು ಇಟಲಿಯ ಬ್ರೆಟನ್ ಕಂಪನಿ. ತೂಕದ ಲೆಕ್ಕದಲ್ಲಿ ಶೇ 90ರಿಂದ 93ರಷ್ಟು ಕಲ್ಲು, ಉಳಿದದ್ದು ರೆಸಿನ್ ಮತ್ತು ಬಣ್ಣ ಎಂದು ಕಂಪನಿಗಳು ಹೇಳುತ್ತವೆ. ಅದು ನಿಜವೇ. ಆದರೆ ರೆಸಿನ್ ಹಗುರ ವಸ್ತು. ತೂಕದಲ್ಲಿ ಹತ್ತನೇ ಒಂದು ಪಾಲಿರುವ ಅದು ಗಾತ್ರದಲ್ಲಿ ಸುಮಾರು ಐದನೇ ಒಂದು ಪಾಲು ಆಗುತ್ತದೆ.

ಈ ಐದನೇ ಪಾಲನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ. ಕ್ವಾರ್ಟ್ಜ್ ಸುಲಭವಾಗಿ ಗೀರುವುದಿಲ್ಲ. ಇದು ಕಲ್ಲಿನ ಗುಣ. ನೀರು ಕುಡಿಯುವುದಿಲ್ಲ, ಸೀಲರ್ (ಕಲ್ಲಿನ ರಂಧ್ರ ಮುಚ್ಚಲು ಹಚ್ಚುವ ದ್ರವ) ಬೇಡ, ಏಕೆಂದರೆ ಹರಳುಗಳ ನಡುವಿನ ಸಂದನ್ನು ರೆಸಿನ್ ತುಂಬಿರುತ್ತದೆ. ಬಿಸಿ ಪಾತ್ರೆ ಇಟ್ಟರೆ ಹಳದಿ ಕಲೆ, ಬಿಸಿಲಿಗೆ ಬಣ್ಣ ತಿರುಗುವುದು, ಡ್ರೈನ್ ಕ್ಲೀನರ್ ಚೆಲ್ಲಿದರೆ ಹೊಳಪು ಹೋಗುವುದು, ಇವೆಲ್ಲ ರೆಸಿನ್ನಿನ ದೋಷ. ದೂರುಗಳಲ್ಲಿ ಹೆಚ್ಚಿನವು ಈ ದೋಷಗಳ ಪಟ್ಟಿಯವೇ.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಕ್ವಾರ್ಟ್ಜೈಟ್ ಎಂದರೆ ನೈಸರ್ಗಿಕ ಕಲ್ಲು, ಅದಕ್ಕೆ ಸೀಲರ್ ಬೇಕು. ‘ನ್ಯಾನೊ ವೈಟ್’ ಎಂದು ಮಾರುವ ಹಾಲುಬಿಳಿ ಹಲಗೆ ಬಹುಪಾಲು ಗಾಜಿನ ಜಾತಿಯದು. ಹೊಳಪು ಕಣ್ಣು ಕುಕ್ಕುವಂತಿರುತ್ತದೆ, ಅಂಚು ಮಾತ್ರ ಗಾಜಿನಂತೆಯೇ ಚಕ್ಕೆ ಏಳುತ್ತದೆ. ಇನ್ನು ಅಮೃತಶಿಲೆಯ ಪುಡಿಗೆ ರೆಸಿನ್ ಬೆರೆಸಿದ ಕೃತಕ ಮಾರ್ಬಲ್. ಇದನ್ನು ಕ್ವಾರ್ಟ್ಜ್ ಎಂದು ದಾಟಿಸುವವರೂ ಇದ್ದಾರೆ.

ಪತ್ತೆ ಮಾಡಲು ಒಂದು ಒಡಕು ತುಂಡು ಸಾಕು. ಸ್ಟೀಲ್ ಚಾಕುವಿನ ತುದಿಯಿಂದ ಗಟ್ಟಿಯಾಗಿ ಒಂದು ಗೆರೆ ಎಳೆಯಿರಿ. ಕ್ವಾರ್ಟ್ಜ್ ಮೇಲೆ ಬೂದು ಬಣ್ಣದ ಗೆರೆ ಮೂಡುತ್ತದೆ, ಉಗುರು ಆಡಿಸಿದರೆ ಗುಂಡಿ ಸಿಗುವುದಿಲ್ಲ. ಅದು ಕಲ್ಲಿಗಾದ ಗಾಯವಲ್ಲ, ಚಾಕು ಸವೆದು ಅಂಟಿದ ಲೋಹ. ಮಾರ್ಬಲ್ ಪುಡಿಯ ಹಲಗೆಯಾದರೆ ಬಿಳಿ ಪುಡಿ ಏಳುತ್ತದೆ, ಉಗುರಿಗೆ ಗುಂಡಿ ತಡೆಯುತ್ತದೆ. ಎರಡನೆಯ ಪರೀಕ್ಷೆ, ಕತ್ತರಿಸಿದ ಒರಟು ಅಂಚಿನ ಮೇಲೆ ವಿನೆಗರ್ ಹನಿ. ಸಣ್ಣ ಗುಳ್ಳೆ ಬಂದರೆ ಅಲ್ಲಿ ಸುಣ್ಣದ ಕಲ್ಲಿನ ಅಂಶವಿದೆ, ಕ್ವಾರ್ಟ್ಜ್ ಅಲ್ಲ.

ಎಲ್ಲಿ ಹಾಕಬಹುದು, ಎಲ್ಲಿ ಬೇಡ

ಅಡುಗೆ ಕಟ್ಟೆ, ಬಚ್ಚಲುಮನೆಯ ವ್ಯಾನಿಟಿ (ಬೇಸಿನ್ ಕೂರಿಸುವ ಕಟ್ಟೆ), ಒಳಗಿನ ಗೋಡೆಯ ಹೊದಿಕೆ, ಮೇಜು, ಶೆಲ್ಫು. ಇವು ಸರಿಯಾದ ಜಾಗಗಳು. ಬಾಲ್ಕನಿ, ಹೊರಾಂಗಣದ ಕಟ್ಟೆ, ದಿನವಿಡೀ ಬಿಸಿಲು ಬೀಳುವ ಕಿಟಕಿಯ ಹಾಸು ಬೇಡವೇ ಬೇಡ. ಬಿಸಿಲಿನ ಅತಿನೇರಳೆ ಕಿರಣಕ್ಕೆ ರೆಸಿನ್ ಹಳದಿಯಾಗುತ್ತದೆ, ಅದೂ ಬಿಸಿಲು ಬಿದ್ದ ಭಾಗ ಮಾತ್ರ. ಮೇಲಿಟ್ಟಿದ್ದ ಹೂಕುಂಡ ಎತ್ತಿದರೆ ಅದರ ಅಡಿಯಲ್ಲಿ ಬೆಳ್ಳಗಿನ ವೃತ್ತ ಉಳಿದಿರುತ್ತದೆ. ತಿಕ್ಕಿದರೆ ಹೋಗುವುದಲ್ಲ ಅದು.

ಗ್ಯಾಸ್ ಒಲೆಯ ಹಿಂದಿನ ಗೋಡೆಗೆ ಹಾಕುವ ಮುನ್ನ ತಯಾರಕರ ವಾರಂಟಿ ಪತ್ರ ಓದಿ. ತೆರೆದ ಜ್ವಾಲೆಯ ಹತ್ತಿರ ಹಾಕಿದ್ದಕ್ಕೆ ಹಲವರು ಜವಾಬ್ದಾರಿ ಹೊರುವುದಿಲ್ಲ. ನೆಲಕ್ಕೂ ಹಾಕುತ್ತಾರೆ. ಆದರೆ ಓಡಾಡುವ ದಾರಿಯಲ್ಲಿ ಮರಳಿನ ಕಣ ಉಜ್ಜಿ ಹೊಳಪು ಮಾಸುತ್ತದೆ, ಸಿಮೆಂಟು ಅಂಟಿನ ತೇವಕ್ಕೆ ತೆಳು ಟೈಲು ಬಾಗುವ ಅಪಾಯವೂ ಇದೆ. ಬಿಳಿ ನೆಲವೇ ಬೇಕೆಂದರೆ ಪಾರ್ಸಲಿನ್ ಟೈಲು ಹಾಕಿಸುವುದು ಒಳ್ಳೆಯದು.

ಬಚ್ಚಲುಮನೆಯ ಬಗ್ಗೆ ಯಾರೂ ಹೇಳದ ಎರಡು ವಿಷಯ: ಕೂದಲಿಗೆ ಹಚ್ಚುವ ಬಣ್ಣ ಮತ್ತು ಕೂದಲು ನೇರ ಮಾಡುವ ಸ್ಟ್ರೈಟ್ನರ್. ಬಣ್ಣ ಚೆಲ್ಲಿದ ಕೂಡಲೇ ಒರೆಸದಿದ್ದರೆ ಬಿಳಿಯ ಮೇಲೆ ಕಲೆ ನಿಲ್ಲುತ್ತದೆ. ಸ್ಟ್ರೈಟ್ನರ್ 200° ಸೆ.ವರೆಗೂ ಕಾಯುತ್ತದೆ, ರೆಸಿನ್ನಿಗೆ 150° ಸೆ. ಆಸುಪಾಸಿನಲ್ಲೇ ತೊಂದರೆ ಶುರು. ಕಂದು ಪಟ್ಟಿ ಬಿದ್ದರೆ ಹೋಗುವುದಿಲ್ಲ.

ಯಾವ ಬಿಳಿ

ಚುಕ್ಕೆಯೂ ಗೆರೆಯೂ ಇಲ್ಲದ ಅಪ್ಪಟ ಬಿಳಿ, ಸಣ್ಣ ಹರಳಿನ ಬಿಳಿ, ಕನ್ನಡಿ ಚೂರು ಬೆರೆತ ಮಿನುಗು ಬಿಳಿ, ಬೂದು ಅಥವಾ ಹೊಂಬಣ್ಣದ ಗೆರೆಯ ಮಾರ್ಬಲ್ ಮಾದರಿ. ಮುಖ್ಯ ಬಗೆಗಳು ಇಷ್ಟೇ. ಅಪ್ಪಟ ಬಿಳಿಯಲ್ಲಿ ಜಾಯಿಂಟು ಅಡಗಿಸುವುದು ಸುಲಭ, ಏಕೆಂದರೆ ಹೊಂದಿಸಬೇಕಾದ ಚಿತ್ತಾರವಿಲ್ಲ. ಆದರೆ ಒಂದು ಕೂದಲೆಳೆ ಬಿದ್ದರೂ ಕಾಣುತ್ತದೆ. ದಿನಕ್ಕೆ ನಾಲ್ಕಾರು ಸಲ ಒರೆಸುವ ಅಭ್ಯಾಸ ಇಲ್ಲದವರಿಗೆ ಸಣ್ಣ ಹರಳಿನ ಬಿಳಿಯೇ ಕ್ಷೇಮ. ಮಿನುಗು ಚೂರು ಸಣ್ಣ ವ್ಯಾನಿಟಿಯಲ್ಲಿ ಚೆನ್ನ, ಮೂರು ಮೀಟರ್ ಕಟ್ಟೆಯಲ್ಲಿ ಬೇಗ ಬೇಸರ ತರಿಸುತ್ತದೆ.

ಗೆರೆಯ ಮಾದರಿ ಕೊಳ್ಳುವವರು ಸ್ಲ್ಯಾಬಿನ ಅಂಚನ್ನು ನೋಡಲೇಬೇಕು. ಕೆಲವುದರಲ್ಲಿ ಗೆರೆ ದಪ್ಪದ ಉದ್ದಕ್ಕೂ ಇಳಿದಿರುತ್ತದೆ, ಕೆಲವುದರಲ್ಲಿ ಮೇಲ್ಮೈಯ ಒಂದೆರಡು ಮಿಲಿಮೀಟರಿಗೇ ನಿಂತಿರುತ್ತದೆ. ಎರಡನೆಯದಾದರೆ ಅಂಚು ದುಂಡು ಮಾಡಿದಾಗ, ಸಿಂಕಿಗೆ ಕೊರೆದಾಗ ಗೆರೆ ಅರ್ಧಕ್ಕೇ ಕಡಿದುಹೋದಂತೆ ಕಾಣುತ್ತದೆ.

ಹೊಳಪಿನ ಪಾಲಿಶ್ ಬೇಕೋ, ಮ್ಯಾಟ್ ಬೇಕೋ? ಚಿತ್ರದಲ್ಲಿ ಮ್ಯಾಟ್ ಬಿಳಿ ಬಲು ಚೆಂದ. ಬಳಕೆಯಲ್ಲಿ ಬೆರಳಚ್ಚು, ಎಣ್ಣೆಯ ಗುರುತು, ಪಾತ್ರೆಯ ತಳ ಉಜ್ಜಿದ ಬೂದು ಗೆರೆ ಅದರಲ್ಲೇ ಹೆಚ್ಚು. ಪಾಲಿಶ್ ಮೇಲ್ಮೈಯ ದೋಷ ಬೇರೆ: ಮೇಲಿನ ಕಪಾಟಿನಡಿ ಎಲ್‌ಇಡಿ ಪಟ್ಟಿ ಹಾಕಿದ್ದರೆ ಒಂದೊಂದು ದೀಪವೂ ಚುಕ್ಕಿಯಾಗಿ ಕಟ್ಟೆಯಲ್ಲಿ ಪ್ರತಿಫಲಿಸುತ್ತದೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ ಹಾಕಿದರೆ ಅದು ಪರಿಹಾರ. ಅಡುಗೆಮನೆಗೆ ಪಾಲಿಶ್, ಗೋಡೆಗೆ ಮತ್ತು ಮೇಜಿಗೆ ಮ್ಯಾಟ್ ಎಂಬುದು ನಮ್ಮ ಆಯ್ಕೆ.

ಸ್ಯಾಂಪಲ್ ಮನೆಗೆ ತನ್ನಿ

ಅಂಗಡಿಯ ಬೆಳಕಿನಲ್ಲಿ ಬಣ್ಣ ನಿರ್ಧರಿಸಬೇಡಿ. ಕನಿಷ್ಠ 20×20 ಸೆಂ.ಮೀ. ತುಂಡು ಕೇಳಿ ಪಡೆಯಿರಿ, ಅಂಗೈಯಗಲದ್ದರಲ್ಲಿ ಏನೂ ತಿಳಿಯದು. ಕಟ್ಟೆಗಾದರೆ ಮಲಗಿಸಿ, ಗೋಡೆಗಾದರೆ ನಿಲ್ಲಿಸಿ ನೋಡಿ. ಬೆಳಿಗ್ಗೆ, ನಡು ಮಧ್ಯಾಹ್ನ, ರಾತ್ರಿ ದೀಪ ಹಾಕಿ, ಮೂರೂ ಹೊತ್ತು. 3000 ಕೆಲ್ವಿನ್‌ನ ಹಳದಿ ಬೆಳಕಿನ ದೀಪದಡಿ ತಿಳಿ ಕೆನೆಬಣ್ಣವಾಗಿ ಕಂಡದ್ದು 6000 ಕೆಲ್ವಿನ್‌ನ ತಂಪು ಬಿಳಿ ದೀಪದಡಿ ನೀಲಿಗೆ ವಾಲುತ್ತದೆ. ಬಣ್ಣ ನಿಷ್ಠೆಯ ಸಿಆರ್‌ಐ ಅಂಕ 90 ಅಥವಾ ಹೆಚ್ಚಿರುವ ದೀಪದಲ್ಲಿ ಮೋಸ ಕಡಿಮೆ. ದೀಪ ಇನ್ನೂ ಕೊಂಡಿಲ್ಲವಾದರೆ ಮೊದಲು ದೀಪ, ಆಮೇಲೆ ಕಲ್ಲು.

ಪಕ್ಕದಲ್ಲಿ ಏನಿಟ್ಟು ಹೋಲಿಸುತ್ತೀರಿ ಎಂಬುದೂ ಮುಖ್ಯ. ಹಲವರು ಪ್ರಿಂಟರ್ ಕಾಗದ ಇಟ್ಟು ‘ಕಲ್ಲು ಹಳದಿಯಾಗಿದೆ’ ಎನ್ನುತ್ತಾರೆ. ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ, ಅದರ ಪಕ್ಕ ಯಾವ ಬಿಳಿಯೂ ಹಳದಿಯೇ. ನಿಮ್ಮ ಕಪಾಟಿನ ಬಾಗಿಲ ತುಂಡು, ಗೋಡೆಗೆ ಬಳಿಯುವ ಬಣ್ಣದ ಕಾರ್ಡು, ನೆಲದ ಟೈಲು ಇವುಗಳ ಜೊತೆ ಇಡಿ. ಬಿಳಿ ಬಾಗಿಲಿಗೆ ಬಿಳಿ ಕಲ್ಲು ಹೊಂದಿಸುವುದು ಎಲ್ಲಕ್ಕಿಂತ ಕಷ್ಟ. ತುಸುವೇ ಭಿನ್ನವಾದರೆ ಎರಡರಲ್ಲೊಂದು ಕೊಳೆಯಾದಂತೆ ಕಾಣುತ್ತದೆ. ಪೂರ್ತಿ ಹೊಂದದಿದ್ದರೆ ಬೇಕೆಂದೇ ಎರಡು ಮೆಟ್ಟಿಲು ಬೇರೆ ಬಣ್ಣ ಆರಿಸಿ.

ಅದೇ ತುಂಡಿನ ಮೇಲೆ ಕಾಫಿ, ಅರಿಶಿನ ಕದಡಿದ ಎಣ್ಣೆ, ಮಾರ್ಕರ್ ಪೆನ್ನಿನ ಗೆರೆ ಹಾಕಿ 24 ಗಂಟೆ ಬಿಡಿ. ಮರುದಿನ ಪಾತ್ರೆ ಸೋಪಿನ ನೀರಲ್ಲಿ ತಿಕ್ಕಿ, ಮಾರ್ಕರ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ತೆಳು ಹಳದಿ ಛಾಯೆ ಉಳಿದರೆ ಪರವಾಗಿಲ್ಲ ಎಂದು ಬಿಡಬೇಡಿ, ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ ಅಥವಾ ರೆಸಿನ್ ಸರಿಯಾಗಿ ಗಟ್ಟಿಯಾಗಿಲ್ಲ.

ಸ್ಲ್ಯಾಬನ್ನೇ ಕಣ್ಣಾರೆ ನೋಡಿ

ಸ್ಯಾಂಪಲ್ ಮೆಚ್ಚಿ ಆರ್ಡರ್ ಕೊಟ್ಟು ಸುಮ್ಮನಾಗಬಾರದು. ನಿಮ್ಮ ಮನೆಗೆ ಕತ್ತರಿಸುವ ಸ್ಲ್ಯಾಬಿನ ಮುಂದೆಯೇ ನಿಲ್ಲಿ.

ಬ್ಯಾಚ್ ಸಂಖ್ಯೆ ಅಂಚಿನಲ್ಲೋ ಹಿಂಬದಿಯಲ್ಲೋ ಇರುತ್ತದೆ. ಎರಡು ಸ್ಲ್ಯಾಬ್ ಬೇಕಿದ್ದರೆ ಎರಡೂ ಒಂದೇ ಬ್ಯಾಚಿನವಾಗಿರಬೇಕು. ಹೆಸರು ಒಂದೇ ಆದರೂ ಬ್ಯಾಚು ಬದಲಾದರೆ ಬಿಳಿಯೂ ಬದಲು. ಆಮೇಲೆ ಮೊಬೈಲ್ ಟಾರ್ಚನ್ನು ಮೇಲ್ಮೈಗೆ ಹೆಚ್ಚುಕಡಿಮೆ ತಾಗಿಸಿ, ಓರೆಯಾಗಿ ಬೆಳಕು ಹಾಯಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯಿರಿ. ನೇರ ಬೆಳಕಿನಲ್ಲಿ ಅಡಗಿದ್ದ ಗುಂಡಿ, ಪಾಲಿಶ್ ಯಂತ್ರದ ಸುರುಳಿ ಗುರುತು, ಮಾಸಲು ತೇಪೆ ಎಲ್ಲ ಎದ್ದು ಬರುತ್ತವೆ. ಅಪ್ಪಟ ಬಿಳಿಯಲ್ಲಿ ಕಪ್ಪು ಚುಕ್ಕೆ ಹುಡುಕಿ, ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಸಿಂಕಿನ ರಂಧ್ರ ಬರುವ ಜಾಗದಲ್ಲಿದ್ದರೆ ಚಿಂತೆಯಿಲ್ಲ, ಮುಂಭಾಗದಲ್ಲಿದ್ದರೆ ಬೇರೆ ಸ್ಲ್ಯಾಬ್ ಕೇಳಿ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಯಾವುದಾದರೂ ಭಾಗ ಗಾಢವಾಗಿ ಕಂಡು ತಡವಾಗಿ ಒಣಗಿದರೆ ಅಲ್ಲಿ ರೆಸಿನ್ ಕಡಿಮೆ ಬಿದ್ದಿದೆ ಎಂದರ್ಥ.

ದಪ್ಪವನ್ನು ನಾಲ್ಕೂ ಮೂಲೆಯಲ್ಲಿ ಕ್ಯಾಲಿಪರ್‌ನಿಂದ ಅಳೆಯಿರಿ. ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಜಾಯಿಂಟಿನಲ್ಲಿ ತುಟಿ ಏಳುತ್ತದೆ, ಅಂದರೆ ಒಂದು ತುಂಡಿನ ಅಂಚು ಇನ್ನೊಂದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ಅದನ್ನು ಮನೆಯಲ್ಲಿ ಸಾಣೆ ಹಿಡಿದು ಸಮ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಕಾರ್ಖಾನೆಯ ಹೊಳಪು ಕೈಯಂತ್ರದಿಂದ ಮರಳಿ ಬರುವುದಿಲ್ಲ, ಬಿಳಿಯಲ್ಲಿ ಆ ಮಂಜು ತೇಪೆ ಶಾಶ್ವತ.

ಅಳತೆ: ಒಂದು ಸ್ಲ್ಯಾಬ್ ಸಾಕೇ?

ಸಾಮಾನ್ಯ ಸ್ಲ್ಯಾಬಿನ ಅಳತೆ 3050×1440 ಮಿ.ಮೀ., ಜಂಬೊ ಎಂದರೆ ಸುಮಾರು 3250×1650 ಮಿ.ಮೀ. ದಪ್ಪ 12, 20, 30 ಮಿ.ಮೀ. ಕಟ್ಟೆಗೆ 20, ಗೋಡೆಗೆ 12 ಸಾಕು. 20 ಮಿ.ಮೀ. ದಪ್ಪದ್ದು ಚದರ ಮೀಟರಿಗೆ 48 ಕೆ.ಜಿ. ಆಸುಪಾಸು ತೂಗುತ್ತದೆ.

ಎಲ್ ಆಕಾರದ ಒಂದು ಕಟ್ಟೆಯ ಲೆಕ್ಕ ಹಾಕೋಣ. ಒಂದು ಗೋಡೆ 3000 ಮಿ.ಮೀ., ಇನ್ನೊಂದು 2400, ಅಗಲ 640. ಮೂಲೆ ಮೊದಲ ತುಂಡಿಗೆ ಸೇರಿದರೆ ಎರಡನೆಯದರ ಉದ್ದ 1760. ಸ್ಲ್ಯಾಬಿನ ಒರಟು ಅಂಚು ತೆಗೆದರೆ ಉಳಿಯುವುದು 3030×1420. ಬ್ಲೇಡು ಪ್ರತಿ ಸೀಳಿಗೆ 4 ಮಿ.ಮೀ. ತಿನ್ನುತ್ತದೆ. ಎರಡು 640ರ ಪಟ್ಟಿ, ಎರಡು ಸೀಳು ಸೇರಿ 1288. ಉಳಿದ 132ರಲ್ಲಿ ಗೋಡೆಗೆ ತಾಗಿ ನಿಲ್ಲುವ 100 ಮಿ.ಮೀ. ಪಟ್ಟಿ ಒಂದು ಪೂರ್ತಿ ಉದ್ದಕ್ಕೆ ಸಿಗುತ್ತದೆ. ಎರಡನೇ ಗೋಡೆಯ ಪಟ್ಟಿಗೆ, 2400ರಲ್ಲಿ ಮೊದಲ ಪಟ್ಟಿಯ ದಪ್ಪ 20 ಕಳೆದು, 2380 ಬೇಕು. ಅದು ಎರಡನೇ ತುಂಡಿನ ಪಕ್ಕ ಉಳಿದ 1266 ಉದ್ದದ ಚೂರಿನಿಂದ 1190ರ ಎರಡು ಭಾಗವಾಗಿ ಬರುತ್ತದೆ, ನಡುವೆ ಒಂದು ಜಾಯಿಂಟು. ಒಂದೇ ಸ್ಲ್ಯಾಬಿನಲ್ಲಿ ಕೆಲಸ ಮುಗಿಯಿತು.

ಈಗ ‘ಮುಂದಿನ ಅಂಚು 40 ಮಿ.ಮೀ. ದಪ್ಪ ಕಾಣಲಿ’ ಎಂದಿರಿ. ಅಂಚನ್ನು 45 ಡಿಗ್ರಿಗೆ ಸೀಳಿ ಕೆಳಗೊಂದು ಪಟ್ಟಿ ಅಂಟಿಸುವ ಮಿಟರ್ ಕೆಲಸ ಅದು. ಬಣ್ಣ, ಗೆರೆ ಕೂಡಬೇಕಾದರೆ ಆ 40ರ ಪಟ್ಟಿಯನ್ನು ಕಟ್ಟೆಯ ತುಂಡಿನ ಪಕ್ಕದಲ್ಲೇ ಕತ್ತರಿಸಬೇಕು. ಪ್ರತಿ ಪಟ್ಟಿಯೂ 44 ನುಂಗಿ, ಉಳಿದಿದ್ದ 132 ಹೋಗಿ 44ಕ್ಕೆ ಇಳಿಯುತ್ತದೆ. ಗೋಡೆಯ 100ರ ಪಟ್ಟಿಗೆ ಜಾಗವಿಲ್ಲ. ಆಗ ಉಳಿಯುವುದು ಮೂರು ದಾರಿ: ಪಟ್ಟಿಯನ್ನು ಚೂರುಗಳಿಂದ ಮೀಟರಿಗೊಂದು ಜಾಯಿಂಟು ಹಾಕಿ ಮಾಡುವುದು, ಪಟ್ಟಿ ಬಿಟ್ಟು ಟೈಲು ಅಂಟಿಸುವುದು, ಇಲ್ಲವೇ ಜಂಬೊ ಕೊಳ್ಳುವುದು. ಜಂಬೊದಲ್ಲಿ ಇದೇ ಲೆಕ್ಕ ಮಾಡಿದರೆ ಸುಮಾರು 250 ಮಿ.ಮೀ. ಉಳಿದು ಎರಡು ಗೋಡೆಗೂ ಪೂರ್ತಿ ಪಟ್ಟಿ ಬರುತ್ತದೆ. ಈ ನಕ್ಷೆ ಕಾಗದದ ಮೇಲೆ ಮೂಡದೆ ಮುಂಗಡ ಕೊಡಬೇಡಿ. ಕತ್ತರಿಸುವವರು ‘ಆಗುತ್ತೆ ಬಿಡಿ’ ಎಂದರೆ ಸಾಮಾನ್ಯವಾಗಿ ಮೊದಲನೇ ದಾರಿಯಲ್ಲೇ ಆಗುತ್ತದೆ.

ಅಂತಿಮ ಅಳತೆ ತೆಗೆಯಬೇಕಾದದ್ದು ಕಪಾಟು ಕೂರಿಸಿ, ಮಟ್ಟ ನೋಡಿ, ಸಿಂಕ್ ಮತ್ತು ಒಲೆ ಕೈಗೆ ಬಂದ ಮೇಲೆ. ಗೋಡೆಯ ಮೂಲೆ 90 ಡಿಗ್ರಿ ಇರುತ್ತದೆ ಎಂಬ ನಂಬಿಕೆ ಬೇಡ. ತೆಳು ಪ್ಲೈವುಡ್ ಪಟ್ಟಿಯ ಟೆಂಪ್ಲೇಟ್ ಮಾಡಿಸಿ.

ಜಾಯಿಂಟು, ರಂಧ್ರ, ಆಧಾರ

ಬಿರುಕು ಶುರುವಾಗುವುದು ಚೂಪು ಮೂಲೆಯಿಂದ. ಸಿಂಕ್, ಒಲೆಯ ರಂಧ್ರದ ಒಳಮೂಲೆಗಳು ಕನಿಷ್ಠ 10 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಲಿ. ಮೊದಲು ಮೂಲೆಯಲ್ಲಿ ಕೋರ್ ಬಿಟ್‌ನಿಂದ ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಬ್ಲೇಡ್ ಓಡಿಸುವವರು ಕೆಲಸ ಬಲ್ಲವರು. ಬ್ಲೇಡನ್ನು ಮೂಲೆಯಾಚೆ ದಾಟಿಸಿ ಸೀಳುವವರ ಕಟ್ಟೆ ಇಂದಲ್ಲ ನಾಳೆ ಅಲ್ಲೇ ಬಿಡುತ್ತದೆ. ಒಲೆಯ ಸುತ್ತ 3ರಿಂದ 5 ಮಿ.ಮೀ. ಖಾಲಿ ಬಿಡಬೇಕು. ಬಿಸಿಗೆ ಲೋಹ ಹಿಗ್ಗಿ ಕಲ್ಲನ್ನು ಒತ್ತಬಾರದು. ಎಲ್ ಆಕಾರವನ್ನು ಒಂದೇ ತುಂಡಾಗಿ ಕತ್ತರಿಸುವ ಆಸೆಯೂ ಬೇಡ, ಎತ್ತುವಾಗಲೇ ಒಳಮೂಲೆ ಸೀಳಬಹುದು.

ಸಾಗಿಸುವಾಗ ತುಂಡು ಯಾವಾಗಲೂ ನಿಂತೇ ಇರಬೇಕು. ಮೇಲಿನ ಲೆಕ್ಕದ 3000×640 ತುಂಡು 90 ಕೆ.ಜಿ. ದಾಟುತ್ತದೆ. ಸಿಂಕಿಗೆ ಕೊರೆದ ಮೇಲೆ ಮುಂದೆ 70, ಹಿಂದೆ 120 ಮಿ.ಮೀ. ಅಗಲದ ಎರಡು ಪಟ್ಟಿಗಳಷ್ಟೇ ಅದನ್ನು ಹಿಡಿದಿರುತ್ತವೆ. ಮಲಗಿಸಿ ಹೊತ್ತರೆ ಅಲ್ಲೇ ಎರಡಾಗುತ್ತದೆ.

ಜಾಯಿಂಟು ಸಿಂಕಿನ ಮೇಲೆ, ಡಿಶ್‌ವಾಷರ್ ಮೇಲೆ ಬರಬಾರದು. ಅಂಟು ಬಿಸಿಲು ತಾಳುವ ಬಗೆಯದ್ದೇ, ಕಲ್ಲಿನ ಬಣ್ಣಕ್ಕೆ ಕಾರ್ಖಾನೆಯಲ್ಲೇ ಹೊಂದಿಸಿದ್ದೇ ಆಗಿರಲಿ. ಅಗ್ಗದ ಪಾಲಿಯೆಸ್ಟರ್ ಅಂಟಿಗೆ ಬಿಳಿ ಪುಡಿ ಕಲಸಿ ಹಚ್ಚಿದರೆ ಮೊದಲ ದಿನ ಜಾಯಿಂಟು ಮಾಯ, ಕೆಲ ತಿಂಗಳಲ್ಲಿ ಹಳದಿ ದಾರ ಎಳೆದಂತೆ ಪ್ರತ್ಯಕ್ಷ. ಒಂದು ಒಡಕು ತುಂಡಿನ ಮೇಲೆ ಅಂಟು ಹಚ್ಚಿಸಿ, ಒಣಗಿದ ಮೇಲೆ ಬಣ್ಣ ನೋಡಿಯೇ ಒಪ್ಪಿಗೆ ಕೊಡಿ.

ಕಪಾಟಿನ ಮೇಲೆ ಕೂರಿಸುವಾಗ ಪೂರ್ತಿ ಅಂಟು ಬಳಿಯುವುದಿಲ್ಲ, ಸುಮಾರು 300 ಮಿ.ಮೀ.ಗೊಂದು ಸಿಲಿಕೋನ್ ಅಂಟಿನ ಉಂಡೆ ಇಡುತ್ತಾರೆ. ರೆಸಿನ್ ಇರುವುದರಿಂದ ಕ್ವಾರ್ಟ್ಜ್ ಗ್ರಾನೈಟಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಅಲುಗಾಡಲು ಅವಕಾಶ ಬೇಕು. ಇದೇ ಕಾರಣಕ್ಕೆ ಗೋಡೆಯ ಬದಿ 3 ಮಿ.ಮೀ. ಬಿಟ್ಟು ಸಿಲಿಕೋನ್ ತುಂಬಬೇಕು, ಸಿಮೆಂಟು ಅಲ್ಲ. 12 ಮಿ.ಮೀ. ಬಿಳಿಯ ಹಿಂದೆ ಕಪ್ಪು ಅಂಟು ಹಚ್ಚಿದರೆ ನೆರಳಾಗಿ ಕಾಣುವುದುಂಟು, ಬಿಳಿ ಅಥವಾ ಪಾರದರ್ಶಕ ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕೋನ್ ಬಳಸಲಿ. 20 ಮಿ.ಮೀ. ಕಟ್ಟೆ 250 ಮಿ.ಮೀ.ಗಿಂತ ಹೆಚ್ಚು ಹೊರಚಾಚಿದರೆ ಕೆಳಗೆ ಉಕ್ಕಿನ ಬ್ರಾಕೆಟ್ ಹಾಕಿಸಿ.

ದೂಳಿನ ವಿಷಯ ಹಗುರವಲ್ಲ

ಮನೆಯೊಳಗೆ ಒಣ ಗ್ರೈಂಡರ್ ಹಾಕಲು ಬಿಡಬೇಡಿ. ಇದರ ದೂಳಿನಲ್ಲಿರುವ ಸ್ಫಟಿಕ ಸಿಲಿಕಾ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಮದ್ದಿಲ್ಲ. ಕಲ್ಲು ಕತ್ತರಿಸುವ ಯುವಕರಲ್ಲೇ ಈ ಕಾಯಿಲೆ ಕಂಡುಬಂದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಬಗೆಯ ಕೃತಕ ಕಲ್ಲಿನ ತಯಾರಿ, ಮಾರಾಟ, ಅಳವಡಿಕೆ ಎಲ್ಲವನ್ನೂ ನಿಷೇಧಿಸಿತು. ಕೂರಿಸಿದ ಮೇಲೆ ಕಟ್ಟೆಯಿಂದ ಅಪಾಯವಿಲ್ಲ, ಅಪಾಯವೆಲ್ಲ ಕತ್ತರಿಸುವವರಿಗೆ. ನಲ್ಲಿಯ ತೂತೂ ಸೇರಿದಂತೆ ಎಲ್ಲವೂ ಕಾರ್ಖಾನೆಯಲ್ಲೇ ನೀರು ಹರಿಸಿ ಕೊರೆದು ಬರಲಿ. ಸಿಲಿಕಾ ಕಡಿಮೆ ಇರುವ ಹಲಗೆಗಳೂ ಈಗ ಬಂದಿವೆ, ಕೇಳಿ ನೋಡಿ.

ಬಳಕೆಗೆ ಬಂದ ಮೇಲೆ

ದಿನದ ಕೆಲಸಕ್ಕೆ ಸೋಪಿನ ನೀರು, ಮೆತ್ತನೆ ಬಟ್ಟೆ. ಒಣಗಿ ಹಿಡಿದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಪಾತ್ರೆ ಉಜ್ಜಿದ ಬೂದು ಗೆರೆಗೆ ಕ್ರೀಮ್ ಕ್ಲೀನರ್ ಹಚ್ಚಿ ಮೆಲ್ಲಗೆ ತಿಕ್ಕಿದರೆ ಲೋಹ ಬಿಟ್ಟು ಬರುತ್ತದೆ. ನಲ್ಲಿಯ ಬುಡದಲ್ಲಿ ಗಡಸು ನೀರಿನ ಉಪ್ಪು ಕಟ್ಟಿದ್ದರೆ ನೀರು ಬೆರೆಸಿದ ವಿನೆಗರ್ ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚ್ ಚೆಲ್ಲಿದರೆ ಕೂಡಲೇ ತೊಳೆಯಿರಿ. ಡ್ರೈನ್ ಕ್ಲೀನರ್, ಓವನ್ ಕ್ಲೀನರ್, ಪೇಂಟ್ ಕೀಳುವ ದ್ರವ ಹತ್ತಿರ ಸುಳಿಯಬಾರದು. ಸೀಲರ್, ಮೇಣ ಹಚ್ಚಬೇಡಿ, ಒಳಗಿಳಿಯಲು ಜಾಗವಿಲ್ಲದೆ ಮೇಲೆಯೇ ಮಬ್ಬು ಪೊರೆಯಾಗಿ ಕೂರುತ್ತದೆ. ಬಿಸಿ ಪಾತ್ರೆಯ ಅಡಿ ಮಣೆ ಇರಲಿ.

ಅಂಚಿನಲ್ಲಿ ಚಕ್ಕೆ ಎದ್ದರೆ ಆ ಚೂರನ್ನು ಎಸೆಯದೆ ಡಬ್ಬಿಯಲ್ಲಿಡಿ, ಅದನ್ನೇ ಅಂಟಿಸಿದರೆ ಗುರುತು ಅತಿ ಕಡಿಮೆ. ಕತ್ತರಿಸಿ ಉಳಿದದ್ದರಲ್ಲಿ ಒಂದಡಿ ಚದರದ ತುಂಡನ್ನೂ ಕೇಳಿ ಇಟ್ಟುಕೊಳ್ಳಿ, ಹಿಂಬದಿಗೆ ಮಾಡೆಲ್ ಹೆಸರು, ಬ್ಯಾಚ್ ಸಂಖ್ಯೆ, ಬಳಸಿದ ಅಂಟಿನ ಬಣ್ಣದ ಸಂಖ್ಯೆ ಬರೆದು ಸಿಂಕಿನ ಕೆಳಗಿನ ಕಪಾಟಿನಲ್ಲಿ ನಿಲ್ಲಿಸಿ.